ಎಂಜಿನ್ ನಡೆಯುತ್ತಿರುವಾಗ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಜಮೆ-ಖರ್ಚು, ಲಾಭ-ನಷ್ಟ ಇವೇ ನನ್ನ ಪಾಠ. ಮೋಟಾರಿನ ವಿದ್ಯೆ ನನಗೆ ತಿಳಿಯದು. ಆದರೂ ಈ ಸಲ ಕಾರಿನ ಗೇರ್‌ಬಾಕ್ಸಿನ ಎಣ್ಣೆಯ ಬಗ್ಗೆ ಬರೆಯಲು ಕೂತಿದ್ದೇನೆ. ಆ ಎಣ್ಣೆ ನಮ್ಮ ಮನೆಗೆ ತಿಂಗಳಿಗೆ 1,000 ರೂಪಾಯಿಯಂತೆ ಆರು ತಿಂಗಳು ಖರ್ಚು ಬರೆಯಿತು. ತಪ್ಪು ನನ್ನದು.

ನಮ್ಮಪ್ಪ ಕಲಬುರಗಿ ಕಡೆಯವರು. ಘಾಟ್ಕೋಪರದ ಒಬ್ಬ ಶೇಠರ ಕಾರು ಓಡಿಸುತ್ತಾರೆ. ಹಳೆಯ ಕಾರೇ, ಆದರೆ ಆಟೊಮ್ಯಾಟಿಕ್ ಗೇರಿನದು. ಕ್ಲಚ್ ಪೆಡಲ್ ಇಲ್ಲ. ಅಪ್ಪನಿಗೆ ಓದಲು ಬರುವುದು ಕನ್ನಡ ಮಾತ್ರ. ನಾನೂ ಏಳನೆಯ ಇಯತ್ತೆಯವರೆಗೆ ಪಾಲಿಕೆಯ ಕನ್ನಡ ಶಾಲೆಯಲ್ಲೇ ಕಲಿತವನು. ಇಂಗ್ಲಿಷಿನೊಡನೆ ಇಂದಿಗೂ ಕುಸ್ತಿ ನಡೆದೇ ಇದೆ. ಆದರೆ ಮನೆಯವರ ಕಣ್ಣಿಗೆ ನಾನು ಕಾಲೇಜು ಮೆಟ್ಟಿಲೇರಿದ ಪಂಡಿತ. ಆ ಪಂಡಿತನ ಕಥೆ ಕೇಳಿ.

2024ರ ಡಿಸೆಂಬರಿನ ಒಂದು ಭಾನುವಾರ ಮುಂಜಾನೆ ಅಪ್ಪ ನನ್ನನ್ನು ಕಾರಿನ ಹತ್ತಿರ ಕರೆದುಕೊಂಡು ಹೋದರು. ಕಾರು ನಿಂತ ಜಾಗದಲ್ಲಿ ಕೆಂಪು ಹನಿಗಳು.

“ರಕ್ತ ಬಿದ್ದಂಗ ಕಾಣತದ ನೋಡು ತಮ್ಮಾ. ಇದು ಗೇರಿನ ಎಣ್ಣಿ. ಕಡಿಮಿ ಆಗ್ಯದೇನು, ಬುಕ್ಕಿನಾಗ ಹೆಂಗ ನೋಡಬೇಕಂತ ಬರದಾರ, ಓದಿ ಹೇಳು” ಅಂದರು.

ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಯೇ ಇತ್ತು. ಸಣ್ಣ ಅಕ್ಷರದ ಇಂಗ್ಲಿಷು. ಮೇಲಿಂದ ಮೇಲೆ ಕಣ್ಣಾಡಿಸಿದೆ. ಚಿತ್ರ ನೋಡಿದೆ. ಬಾನೆಟ್ ಎತ್ತಿ, ಅಳತೆಯ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದೆ. ಎಣ್ಣೆ ಮೇಲಿನ ಗುರುತಿನ ಹತ್ತಿರವೇ ಇತ್ತು. “ಬೇಕಾದಷ್ಟಿದೆ ಅಪ್ಪಾ, ಚಿಂತಿಲ್ಲ” ಅಂದೆ. ಅಲ್ಪ ವಿದ್ಯೆ ಮಹಾಗರ್ವಿ! ಎಂಜಿನ್ ಆರಿತ್ತು, ರಾತ್ರಿಯೆಲ್ಲ ನಿಂತು ತಣ್ಣಗಾಗಿತ್ತು. ಅದು ನನಗೆ ಒಂದು ವಿಷಯ ಅನ್ನಿಸಲೇ ಇಲ್ಲ.

ಮಂಗಳವಾರ ಶೇಠರ ಜೊತೆ ಪುಣೆಗೆ ಹೊರಟ ಕಾರು, ಖೋಪೋಲಿ ದಾಟಿ ಘಾಟ್ ಏರುವಾಗ ಕೈಕೊಟ್ಟಿತು. ಎಂಜಿನ್ ಅಬ್ಬರಿಸುತ್ತದೆ, ಕಾರು ಮಾತ್ರ ಮುಂದೆ ಸಾಗದು. ಹಿಂದೆ ಲಾರಿಗಳ ಸಾಲು. ಕೊನೆಗೆ ಕಾರನ್ನು ಎಳೆಸಿಕೊಂಡು ಖೋಪೋಲಿಗೇ ಇಳಿಯಬೇಕಾಯಿತು. ಎಣ್ಣೆಯನ್ನು ತಣ್ಣಗಾಗಿಸಲು ರೇಡಿಯೇಟರಿಗೆ ಹೋಗುವ ಪೈಪಿನ ಕೀಲು ಸೋರುತ್ತಿತ್ತಂತೆ. ಎಣ್ಣೆ ಕಡಿಮೆಯಾದಾಗ ಪಂಪು ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಒಳಗಿನ ಕ್ಲಚ್ ಪ್ಲೇಟುಗಳು ಹಿಡಿಯದೆ ಜಾರುತ್ತವೆ.

ಅಲ್ಲಿಯ ಮಿಸ್ತ್ರಿ ಅಪ್ಪನಿಗೆ ಕೇಳಿದ ಮೊದಲ ಪ್ರಶ್ನೆ: ಎಂಜಿನ್ ಚಾಲೂ ಇಟ್ಟು ನೋಡಿದಿರೋ, ಬಂದ್ ಮಾಡಿ ನೋಡಿದಿರೋ? ಈ ಕಾರಿನಲ್ಲಿ ಎಂಜಿನ್ ಬಂದ್ ಆದರೆ ಟಾರ್ಕ್ ಕನ್ವರ್ಟರಿನಲ್ಲಿದ್ದ ಎಣ್ಣೆ ಕೆಳಗಿನ ತಟ್ಟೆಗೆ ಇಳಿದು ಬರುತ್ತದೆ. ಆಗ ಕಡ್ಡಿಯ ಮೇಲೆ ಇಲ್ಲದ ಎಣ್ಣೆ ಇದ್ದಂತೆ ಕಾಣುತ್ತದೆ.

ಬಿಲ್ಲು 12,000 ರೂಪಾಯಿ. ಅರ್ಧವನ್ನು ಅಪ್ಪನ ಪಗಾರದಲ್ಲಿ ಮುರಿದುಕೊಳ್ಳುವುದೆಂದು ಶೇಠರು ಹೇಳಿದರು. ಅಪ್ಪ ಅವರಿಗೆ, “ನಾನೇ ನೋಡಿದ್ದೆ, ತಪ್ಪಾತು” ಅಂದು ಬಂದಿದ್ದರು. ನಾನು ಹೋಗಿ ನಿಜ ಹೇಳುತ್ತೇನೆ ಅಂದೆ. ಅಪ್ಪ ಬೇಡ ಅಂದರು. “ಗಾಡಿ ನನ್ನ ಕೈಯಾಗಿಂದು. ನಿನ್ನ ಹೆಸರು ಯಾಕ ಅಲ್ಲಿ?” ಅವರು ನನ್ನನ್ನು ಒಂದು ಮಾತು ಬೈದಿದ್ದರೆ ಅಂದು ರಾತ್ರಿ ನಿದ್ದೆ ಬರುತ್ತಿತ್ತೋ ಏನೋ.

ಮರುದಿನ ಆ ಪುಸ್ತಕವನ್ನು ಮನೆಗೆ ತರಿಸಿಕೊಂಡು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಆ ಒಂದು ಪುಟವನ್ನು ಪೂರ್ತಿ ಓದಿದೆ. ಎಲ್ಲ ಅಲ್ಲಿ ಬರೆದೇ ಇತ್ತು. ಕಾರನ್ನು ಮೊದಲು ಸಾಕಷ್ಟು ದೂರ ಓಡಿಸಿ ಎಣ್ಣೆ ಬಿಸಿ ಮಾಡಬೇಕು, ಏಕೆಂದರೆ ಬಿಸಿಗೆ ಎಣ್ಣೆ ಹಿಗ್ಗುತ್ತದೆ; ಬಿಸಿಗೊಂದು ಗುರುತು, ತಣ್ಣಗಿದ್ದಾಗಿನದಕ್ಕೊಂದು ಗುರುತು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಬೇಕು. ಎಂಜಿನ್ ಚಾಲೂ ಇರುವಾಗಲೇ, ಬ್ರೇಕ್ ಒತ್ತಿ ಹಿಡಿದು, ಗೇರಿನ ಹಿಡಿಯನ್ನು ಪ್ರತಿಯೊಂದು ಸ್ಥಾನಕ್ಕೂ ಸರಿಸಿ, ಪಾರ್ಕಿಗೆ ಮರಳಿ ತರಬೇಕು. ಆಮೇಲೆ, ಎಂಜಿನ್ ನಡೆಯುತ್ತಿರುವಾಗಲೇ, ಕಡ್ಡಿಯನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ತೆಗೆದು ನೋಡಬೇಕು. ಕಡಿಮೆಯಿದ್ದರೆ ಕಂಪನಿ ಹೇಳಿದ ಎಣ್ಣೆಯನ್ನೇ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಹೆಚ್ಚಾದರೂ ನೊರೆ ಎದ್ದು ಅದೇ ಗತಿ. ಎಂಜಿನ್ ಎಣ್ಣೆಯ ಹಾಗೆ ಇದು ಉರಿದು ಸವೆಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಕೆಂಪಗಿದ್ದರೆ ಕ್ಷೇಮ. ಕಂದಾಗಿ ಸುಟ್ಟ ವಾಸನೆ ಬಂದರೆ ಗ್ಯಾರೇಜಿನ ದಾರಿ ಹಿಡಿಯಬೇಕು.

ಎಲ್ಲ ಕಾರಿಗೂ ಇದೇ ನಿಯಮವಲ್ಲ. ಕೆಲವು ಕಾರುಗಳಲ್ಲಿ ಬಿಸಿಯಾದ ಮೇಲೆ ಎಂಜಿನ್ ನಿಲ್ಲಿಸಿ, ಒಂದೂವರೆ ನಿಮಿಷದೊಳಗೆ ನೋಡಬೇಕಂತೆ. ಈಗಿನ ಎಷ್ಟೋ ಕಾರುಗಳಲ್ಲಿ ಕಡ್ಡಿಯೇ ಇಲ್ಲ. ಅದು ಗ್ಯಾರೇಜಿನವರ ಕೆಲಸ.

ಬ್ಯಾಲೆನ್ಸ್ ಶೀಟಿನ ತಲೆಯ ಮೇಲೆ “ಮಾರ್ಚ್ 31ರಂದು ಇದ್ದಂತೆ” ಎಂದು ಬರೆಯದಿದ್ದರೆ ನಮ್ಮ ಪ್ರಾಧ್ಯಾಪಕರು ಅಂಕ ಕತ್ತರಿಸುತ್ತಾರೆ. ಯಾವ ಹೊತ್ತಿನ ಲೆಕ್ಕ ಎಂದು ಹೇಳದ ಲೆಕ್ಕ ಲೆಕ್ಕವೇ ಅಲ್ಲ ಎಂದು ಬಾಯಿಪಾಠ ಮಾಡಿದವನು ನಾನು. ಕಡ್ಡಿ ಅಂದು ಸುಳ್ಳು ಹೇಳಿರಲಿಲ್ಲ. ಕೇಳಬಾರದ ಹೊತ್ತಿನಲ್ಲಿ ನಾನು ಕೇಳಿದ್ದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಅರ್ಧ ಓದಿದ್ದೇನೆ ಎಂದು ಅಪ್ಪನಿಗೆ ಹೇಳಲು ನಾಚಿಕೊಂಡಿದ್ದು.

ಆ ಪುಟವನ್ನು ಕನ್ನಡಕ್ಕೆ ಇಳಿಸಿ, ದಪ್ಪ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದು ಅಪ್ಪನಿಗೆ ಕೊಟ್ಟೆ. ಅವರು ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಕೊನೆಗೆ ತಲೆಯೆತ್ತಿ, “ಪೂರಾ ಓದಿ ಬರದಿ ಹೌದಿಲ್ಲೋ?” ಅಂದರು.

“ಹೌದಪ್ಪಾ, ಪೂರಾ.”

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೊರಟರು.