ಮೂರನೆಯ ಬೀಗದಕೈ

ಮನೆಗೆ ಹೊಸ ಬೀಗ ತಂದಾಗ ಅಂಗಡಿಯವನು ಎರಡು ಬೀಗದಕೈ ಕೊಡುತ್ತಾನೆ. ಮೂರನೆಯದೊಂದು ಬೇರೆಲ್ಲಾದರೂ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಆದರೆ ಟೆಲಿಫೋನ್ ಎಕ್ಸ್‌ಚೇಂಜನ್ನು ಹೊರದೇಶದಿಂದ ತರಿಸುವಾಗ ಈ ಪ್ರಶ್ನೆ ಕೇಳಲೇಬೇಕು. ಏಕೆಂಬುದಕ್ಕೆ ಗ್ರೀಸ್ ದೇಶದಲ್ಲಿ ನಡೆದ ಸಂಗತಿಯೇ ಸಾಕ್ಷಿ.

2004ರಲ್ಲಿ ಅಥೆನ್ಸ್ ನಗರ ಒಲಿಂಪಿಕ್ಸ್ ಸಂಭ್ರಮದಲ್ಲಿತ್ತು. ಅದೇ ಹೊತ್ತಿನಲ್ಲಿ ಅಲ್ಲಿನ ವೊಡಾಫೋನ್ ಜಾಲದಲ್ಲಿ ಪ್ರಧಾನಿ ಕೋಸ್ತಾಸ್ ಕರಮನ್ಲಿಸ್, ಮಂತ್ರಿಗಳು, ಸೇನಾಧಿಕಾರಿಗಳು ಸೇರಿ ಸುಮಾರು 100 ಜನರ ಮಾತುಗಳನ್ನು ಯಾರೋ ಕದ್ದು ಕೇಳುತ್ತಿದ್ದರು. ಎಕ್ಸ್‌ಚೇಂಜುಗಳು ಸ್ವೀಡನ್ನಿನ ಎರಿಕ್ಸನ್ ಕಂಪೆನಿಯವು. ಅಪರಾಧಿಗಳ ಫೋನನ್ನು ಕಾನೂನಿನ ಅಪ್ಪಣೆಯಿಂದ ಕೇಳಲೆಂದು ಇಂಥ ಯಂತ್ರಗಳಲ್ಲೇ ಒಂದು ಏರ್ಪಾಡು ಇರುತ್ತದೆ. ಅಥೆನ್ಸಿನ ಯಂತ್ರಗಳಿಗೆ ಆ ಏರ್ಪಾಡು ಬಂದಿತ್ತು. ಯಾರ ಫೋನನ್ನು ಯಾವಾಗ ಕೇಳಲಾಯಿತು ಎಂದು ಲೆಕ್ಕವಿಡುವ ತಂತ್ರಾಂಶ ಮಾತ್ರ ಬಂದಿರಲಿಲ್ಲ. ಬಾಗಿಲಿತ್ತು, ಕಾವಲುಗಾರನ ಪುಸ್ತಕವಿರಲಿಲ್ಲ. ಕಳ್ಳರು ಒಳಗೆ ತಮ್ಮದೊಂದು ಗುಪ್ತ ಪ್ರೋಗ್ರಾಂ ಸೇರಿಸಿದರು. ಮಾತು ಎಂದಿನಂತೆ ಸಾಗುತ್ತಿತ್ತು. ಅದರ ನಕಲು 14 ಅಪರಿಚಿತ ಮೊಬೈಲುಗಳತ್ತಲೂ ಹರಿಯುತ್ತಿತ್ತು.

2005ರ ಜನವರಿಯಲ್ಲಿ ಕೆಲವು ಸಂದೇಶಗಳು ತಲುಪದೆ ಹೋದಾಗ ಹುಡುಕಾಟ ಆರಂಭವಾಯಿತು. ಮಾರ್ಚ್ ತಿಂಗಳಲ್ಲಿ ಗುಪ್ತ ಪ್ರೋಗ್ರಾಂ ಸಿಕ್ಕಿತು, ಅವಸರದಲ್ಲಿ ತೆಗೆದದ್ದೂ ಆಯಿತು. ಕಳ್ಳರ ಜಾಡು ಹಿಡಿಯುವ ಅವಕಾಶವೂ ಅದರೊಂದಿಗೆ ಕೈತಪ್ಪಿತು. ಮರುದಿನವೇ ಜಾಲದ ಯೋಜನಾ ವಿಭಾಗದ ಎಂಜಿನಿಯರೊಬ್ಬರು ತಮ್ಮ ಮನೆಯಲ್ಲಿ ಶವವಾಗಿ ಸಿಕ್ಕಿದರು. ಆ ಸಾವಿನ ತನಿಖೆ ಸರಿಯಾಗಿ ನಡೆದಿಲ್ಲವೆಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದ್ದು 2017ರಲ್ಲಿ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಸ್ವೀಡನ್ ಗ್ರೀಸಿನ ಶತ್ರುವಲ್ಲ. ಯಂತ್ರ ಮಿತ್ರದೇಶದ್ದಾದರೂ, ಅದರ ಒಳಗನ್ನು ಓದಬಲ್ಲವರು ಮತ್ತು ಕಾಯಬಲ್ಲವರು ನಮ್ಮಲ್ಲಿರಬೇಕು ಎಂಬುದೇ ಅಥೆನ್ಸ್ ಕಲಿಸಿದ ಪಾಠ. ಭಾರತದಲ್ಲಿ 2021ರ ಜೂನ್ 15ರಿಂದ, ಟೆಲಿಕಾಂ ಕಂಪೆನಿಗಳು ಸರ್ಕಾರ ನಂಬಿಕಸ್ತವೆಂದು ಒಪ್ಪಿದ ಮೂಲಗಳಿಂದಲೇ ಹೊಸ ಉಪಕರಣ ತಂದು ಜೋಡಿಸಬೇಕೆಂಬ ನಿಯಮ ಜಾರಿಗೆ ಬಂತು. ನಿಯಮ ಬೇಕು ನಿಜ; ಆದರೆ ಪರೀಕ್ಷಿಸಿ ನೋಡುವ ತಜ್ಞರಿಲ್ಲದಿದ್ದರೆ ನಂಬಿಕೆ ಬರಿಯ ಕಾಗದದ ಮೇಲಿನ ಮೊಹರು.

ಅಂಥ ತಜ್ಞರು ನಮ್ಮಲ್ಲಿ ಹುಟ್ಟಲಾರರೇ? 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆಯ ತರುಣ ಎಂಜಿನಿಯರುಗಳು ಹಳ್ಳಿಗಳಿಗೆಂದೇ ರೂಪಿಸಿದ ಎಕ್ಸ್‌ಚೇಂಜ್ 1986ರಲ್ಲಿ ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲೇ. ಅದರ ಒಳಗುಟ್ಟು ಬಲ್ಲವರು ಈ ದೇಶದವರೇ ಆಗಿದ್ದರು.

ಮನೆಯ ಹಳೆಯ ರೇಡಿಯೋವನ್ನು ಮಗಳು ಬಿಚ್ಚಿ ಹರವಿಕೊಂಡು ಕುಳಿತರೆ ತಂದೆತಾಯಿ ಗದರುವುದು ಸಹಜ. ಗದರುವ ಮೊದಲು, ಒಳಗೆ ಏನು ಕಂಡಿತು ಎಂದು ಅವಳನ್ನೊಮ್ಮೆ ಕೇಳಬಹುದು. ಮೂರನೆಯ ಬೀಗದಕೈಯನ್ನು ನಾಳೆ ಹುಡುಕಬೇಕಾದವರು ಅಂಥ ಮಕ್ಕಳೇ.