ಅರ್ಧ ಅಂಕ

ಮನುಷ್ಯರಿಗೆ ಹಿಡಿಯುವ ಹುಚ್ಚುಗಳಲ್ಲಿ ಎರಡು ಬಗೆ. ಒಂದು, ಊರವರು ಮೆಚ್ಚುವಂಥದು. ಇನ್ನೊಂದು, ಮನೆಯವರು ಮುಚ್ಚಿಡುವಂಥದು. ಸಂಗೀತ ಕಚೇರಿಗೆ ತಪ್ಪದೆ ಹೋಗುವ ಮುದುಕಿಯನ್ನು ಜನ ರಸಿಕಳೆನ್ನುತ್ತಾರೆ. ಹರಿಕಥೆಗೆ ಹೋದರೆ ಭಕ್ತಳೆನ್ನುತ್ತಾರೆ. ಆದರೆ ಹದಿನಾರು ಹದಿನೇಳರ ಹುಡುಗಿಯರು ಕಂಬಿಗೆ ಜೋತುಬಿದ್ದು ಲಾಗ ಹಾಕುವುದನ್ನು ನೋಡಲು ಅರವತ್ತು ದಾಟಿದವಳೊಬ್ಬಳು ನಡುರಾತ್ರಿಯವರೆಗೆ ಟೆಲಿವಿಷನ್ ಮುಂದೆ ಕುಳಿತರೆ ಅವಳನ್ನು ಏನೆನ್ನಬೇಕೆಂದು ಯಾರಿಗೂ ತಿಳಿಯದು. ನಮ್ಮ ಮನೆಯವರು, “ಅಮ್ಮನಿಗೆ ರಾತ್ರಿ ನಿದ್ದೆ ಬರುವುದಿಲ್ಲ” ಎಂದು ಹೇಳಿ ಮಾತು ಮುಗಿಸುತ್ತಾರೆ.

ಈ ಹುಚ್ಚು ತನ್ನ ತುತ್ತತುದಿಯನ್ನು ಮುಟ್ಟಿದ್ದು ೨೦೨೩ರ ಆಗಸ್ಟ್ ೨೫ರಂದು. ಆ ಸಂಜೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ಅಮೆರಿಕದ ರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಚಾಂಪಿಯನ್‌ಷಿಪ್; ಹೆಂಗಸರ ಸ್ಪರ್ಧೆಯ ಮೊದಲ ರಾತ್ರಿ. ನಾನಾಗ ಸನ್ನಿವೇಲ್ ಊರಿನಲ್ಲಿ ಮಗಳ ಮನೆಯಲ್ಲಿದ್ದೆ. ಅತ್ತೆಯ ಹುಚ್ಚನ್ನು ಬಲ್ಲ ಅಳಿಯಂದಿರು ತಿಂಗಳುಗಳ ಮೊದಲೇ ನನಗೂ ಮೊಮ್ಮಗಳಿಗೂ ಟಿಕೆಟ್ಟು ತೆಗೆದಿಟ್ಟಿದ್ದರು. ಎಲ್ಲವೂ ಸರಿಯೇ, ಆದರೆ ಪಂಚಾಂಗವನ್ನು ಯಾರೂ ನೋಡಿರಲಿಲ್ಲ. ಅಂದು ವರಮಹಾಲಕ್ಷ್ಮಿ ಹಬ್ಬ!

“ಅಮ್ಮ, ಸಂಜೆ ಅರಿಶಿನ–ಕುಂಕುಮಕ್ಕೆ ಹನ್ನೆರಡು ಮನೆಯವರನ್ನು ಕರೆದಿದ್ದೀನಿ. ಮನೆಗೆ ಹಿರಿಯಳು ನೀನೇ ಇಲ್ಲದಿದ್ದರೆ ಬಂದವರಿಗೆ ಏನಂತ ಹೇಳಲಿ?” ಎಂದಳು ಮಗಳು.

“ನಿದ್ದೆ ಬಂತು ಅಂತ ಹೇಳು,” ಎಂದೆ.

ಅವಳು ನಗಲಿಲ್ಲ. ನಾನೂ ನಗುವ ಸ್ಥಿತಿಯಲ್ಲಿರಲಿಲ್ಲ. ಏಕೆಂದರೆ ಆ ಸಂಜೆ ನನಗೆ ಜಿಮ್ನಾಸ್ಟಿಕ್ಸ್ ನೋಡುವುದಷ್ಟೇ ಬೇಕಾಗಿರಲಿಲ್ಲ. ಮೊಮ್ಮಗಳ ಪಕ್ಕದಲ್ಲಿ ಮೂರು ಗಂಟೆ ಕುಳಿತುಕೊಳ್ಳಬೇಕಾಗಿತ್ತು. ಅದಕ್ಕೆ ಕಾರಣ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಹಾಸನದ ಕಡೆಯ ಒಂದು ಸಣ್ಣ ಊರಿನವಳು. ಸಂತೆಯ ದಿನ ಅಲ್ಲಿಗೆ ದೊಂಬರಾಟದವರು ಬರುತ್ತಿದ್ದರು. ಕತ್ತರಿಯಾಕಾರದಲ್ಲಿ ನಿಲ್ಲಿಸಿದ ಬಿದಿರುಗಳ ನಡುವೆ ಹಗ್ಗ ಬಿಗಿದು, ಅದರ ಮೇಲೆ ನನ್ನ ವಯಸ್ಸಿನ ಹುಡುಗಿಯೊಬ್ಬಳು ಕೈಯಲ್ಲಿ ಗಳು ಹಿಡಿದು ನಡೆಯುತ್ತಿದ್ದಳು. ಇಳಿದ ಮೇಲೆ ಧೂಳಿನಲ್ಲಿ ಚಕ್ರದಂತೆ ಉರುಳುತ್ತಿದ್ದಳು. ಅವಳನ್ನು ನೋಡಿ ನೋಡಿ ನಾನೂ ಶಾಲೆಯ ಹಿಂದಿನ ಬಯಲಿನಲ್ಲಿ ಲಾಗ ಹಾಕುವುದನ್ನು ಕಲಿತೆ. ಒಂದರ ಹಿಂದೆ ಒಂದು ಏಳು ಲಾಗ ಹಾಕುತ್ತಿದ್ದೆ. ಹದಿಮೂರನೆಯ ವಯಸ್ಸಿಗೆ ದೊಡ್ಡವಳಾದೆ. ನಾಲ್ಕು ದಿನ ಕಳೆದು ನೀರು ಹಾಕಿಸಿಕೊಂಡು ಹೊರಗೆ ಬಂದಾಗ ನಮ್ಮಜ್ಜಿ ಒಂದೇ ಮಾತು ಹೇಳಿದರು: “ಇನ್ನು ಸಾಕು.” ಏನು ಸಾಕು ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

೧೯೭೬ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರುಮೇನಿಯಾದ ನಾದಿಯಾ ಕೊಮನೆಚಿ ಎಂಬ ಹದಿನಾಲ್ಕರ ಹುಡುಗಿ ಹತ್ತಕ್ಕೆ ಹತ್ತು ಅಂಕ ಪಡೆದಳು. ಅಷ್ಟು ಅಂಕ ಬರಬಹುದೆಂದು ಯಾರೂ ಎಣಿಸದಿದ್ದುದರಿಂದ ಅಂಕಫಲಕಕ್ಕೆ ಅದನ್ನು ತೋರಿಸಲು ಬಾರದೆ ೧.೦೦ ಎಂದು ತೋರಿಸಿತಂತೆ. ನನಗಾಗ ಇಪ್ಪತ್ತೊಂದು. ಈ ಮಗಳು ಹೊಟ್ಟೆಯಲ್ಲಿದ್ದಳು. ಪತ್ರಿಕೆಯಲ್ಲಿ ಬಂದ ನಾದಿಯಾಳ ಚಿತ್ರವನ್ನು ಕತ್ತರಿಸಿ, ಟ್ರಂಕಿನಲ್ಲಿ ಸೀರೆಗಳ ಕೆಳಗೆ ಹಾಸಿದ ಕಾಗದದ ಅಡಿಯಲ್ಲಿಟ್ಟೆ. ನನ್ನ ಹುಚ್ಚು ಅಲ್ಲಿಂದ ಮೊದಲಾಯಿತೆಂದು ಮನೆಯವರು ತಿಳಿದಿದ್ದಾರೆ. ಅದು ಮೊದಲಾದದ್ದು ಸಂತೆಯ ಧೂಳಿನಲ್ಲಿ.

೨೦೧೬ರ ಆಗಸ್ಟ್ ೧೪ರ ರಾತ್ರಿ, ರಿಯೋ ಒಲಿಂಪಿಕ್ಸ್‌ನಲ್ಲಿ ಅಗರ್ತಲಾದ ದೀಪಾ ಕರ್ಮಾಕರ್ ಪ್ರೊಡುನೋವಾ ಎಂಬ ಭಯಂಕರ ವಾಲ್ಟ್ ಹಾರಿದಳು. ಮುಂದಕ್ಕೆ ಹಾರಿ ಕೈಯೂರಿ, ಗಾಳಿಯಲ್ಲಿ ಮುಂದುಮುಂದಕ್ಕೇ ಎರಡು ಸುತ್ತು ಸುತ್ತಿ ಇಳಿಯುವ ವಿದ್ಯೆ ಅದು. ತಪ್ಪಿದರೆ ಕುತ್ತಿಗೆಗೇ ಸಂಚಕಾರ. ಅವಳು ೧೫.೦೬೬ ಅಂಕ ಪಡೆದು ನಾಲ್ಕನೆಯವಳಾದಳು. ಕಂಚು ತಪ್ಪಿದ್ದು ೦.೧೫೦ ಅಂಕದಿಂದ. ಬೆಂಗಳೂರಿನ ಮನೆಯಲ್ಲಿ ಒಬ್ಬಳೇ ಕುಳಿತು ಅತ್ತುಬಿಟ್ಟೆ. ಮರುದಿನವೇ ಮಗಳಿಗೆ ಫೋನು ಮಾಡಿ, “ಪುಟ್ಟಿಯನ್ನು ಜಿಮ್ನಾಸ್ಟಿಕ್ಸ್‌ಗೆ ಸೇರಿಸು” ಎಂದು ಹಟ ಹಿಡಿದೆ. ಆರು ವರ್ಷದ ಪುಟ್ಟಿ ಸೇರಿದಳು. ಆರೂವರೆ ವರ್ಷ ಕಲಿತಳು. ಅವಳು ಕಳಿಸುತ್ತಿದ್ದ ಪುಟ್ಟ ಪುಟ್ಟ ಚಿತ್ರಗಳನ್ನು ನೋಡುವುದೇ ನನಗೆ ಸಂಜೆಯ ಕೆಲಸವಾಯಿತು.

೨೦೨೩ರ ಯುಗಾದಿಯ ಹೊತ್ತಿಗೆ ಅವಳು ಬೀಮ್ ಮೇಲಿನಿಂದ ಬಿದ್ದಳು. ಬೀಮ್ ಎಂದರೆ ಐದು ಮೀಟರ್ ಉದ್ದದ, ಹತ್ತೇ ಸೆಂಟಿಮೀಟರ್ ಅಗಲದ ತೊಲೆ. ನೆಲದಿಂದ ನಮ್ಮ ಎದೆಯೆತ್ತರದಲ್ಲಿರುತ್ತದೆ. ಪೆಟ್ಟೇನೂ ಹೆಚ್ಚಲ್ಲ. ಆದರೆ ಆಮೇಲೆ ಅದರ ಮೇಲೆ ಹಿಂದಕ್ಕೆ ಬಾಗಲು ಅವಳಿಂದ ಆಗಲಿಲ್ಲ. ಒಂದು ತಿಂಗಳು ಹೋಗಿ ನಿಂತು ನಿಂತು ಬಂದಳು. ಕೊನೆಗೆ, “ಬಿಡ್ತೀನಿ” ಎಂದಳು. ತಂದೆತಾಯಿ ಒಪ್ಪಿದರು. ಒಪ್ಪದವಳು ನಾನೊಬ್ಬಳೇ. ಫೋನಿನಲ್ಲಿ, “ಇಷ್ಟಕ್ಕೇ ಬಿಟ್ಟೆಯಾ? ಹೆದರುಪುಕ್ಕಲಿ!” ಎಂದೆ.

ಬಾಯಿಂದ ಬಿದ್ದ ಮಾತು ಏಳು ಸಮುದ್ರ ದಾಟಿ ಹೋಯಿತು. ಆಮೇಲೆ ಪುಟ್ಟಿ ನನ್ನೊಡನೆ ಮಾತು ಬಿಡಲಿಲ್ಲ. ಆದರೆ ಚೆನ್ನಾಗಿದ್ದೀನಿ, ಊಟ ಆಯಿತು ಎಂಬ ಎರಡೇ ಮಾತಿಗೆ ನಿಲ್ಲಿಸಿದಳು. ನಾನು ಅವಳ ಮನೆಗೇ ಬಂದಿಳಿದು ತಿಂಗಳಾದರೂ ಅಷ್ಟೇ.

ಹೀಗಾಗಿ, ಬೆಳಿಗ್ಗೆ ಕಲಶ ಸ್ಥಾಪಿಸಿ, ಪೂಜೆ ಮುಗಿಸಿ, ಹೋಳಿಗೆ ಉಂಡು, ಮಗಳ ಮುಖ ನೋಡದೆ ರೇಷ್ಮೆ ಸೀರೆಯಲ್ಲೇ ಹೊರಟೆ. ಅಳಿಯಂದಿರು ಸ್ಟೇಷನ್ನಿಗೆ ಬಿಟ್ಟರು. ಕ್ಯಾಲ್‌ಟ್ರೇನಿನಲ್ಲಿ ಸ್ಯಾನ್ ಹೋಸೆಯ ಡಿರಿಡನ್ ನಿಲ್ದಾಣದಲ್ಲಿಳಿದರೆ ಎದುರಿಗೇ ಎಸ್‌ಎಪಿ ಸೆಂಟರ್. ಉಳಿದ ಕಾಲದಲ್ಲಿ ಅಲ್ಲಿ ಐಸ್ ಹಾಕಿ ಆಡುತ್ತಾರೆ. ಆ ತಂಡದ ಹೆಸರು ಷಾರ್ಕ್ಸ್ ಆದ್ದರಿಂದ ಊರವರು ಆ ಕಟ್ಟಡವನ್ನು ಷಾರ್ಕ್ ಟ್ಯಾಂಕ್, ಎಂದರೆ ತಿಮಿಂಗಿಲದ ತೊಟ್ಟಿ ಎನ್ನುತ್ತಾರೆ. ಷಾರ್ಕ್ ತಿಮಿಂಗಿಲವಲ್ಲವೆಂದು ಪುಟ್ಟಿ ತಿದ್ದಿದಳು. ಅವಳು ತಾನಾಗಿ ಆಡಿದ ಮೊದಲ ಮಾತೆಂದು ನಾನು ಸಂತೋಷಪಟ್ಟೆ.

ಒಳಗೆ ಹದಿನೇಳು ಸಾವಿರಕ್ಕೂ ಮೇಲ್ಪಟ್ಟು ಆಸನಗಳು. ಎತ್ತ ನೋಡಿದರೂ ಹುಡುಗಿಯರು! ಐದು ವರ್ಷದವರಿಂದ ಹದಿನೈದರವರೆಗೆ. ಕೂದಲನ್ನು ಬಿಗಿಯಾಗಿ ಎಳೆದು ಕಟ್ಟಿ, ಮಿರಿಮಿರಿ ಮಿಂಚುವ ಬಟ್ಟೆ ತೊಟ್ಟು, ತಾವೇ ಬಣ್ಣ ಬಳಿದ ರಟ್ಟಿನ ಫಲಕ ಹಿಡಿದು ಕೂಗುತ್ತಿದ್ದರು. ಮೆಟ್ಟಿಲ ಸಂದಿಯಲ್ಲೇ ಒಬ್ಬಳು ಕೈಯೂರಿ ತಲೆಕೆಳಗಾಗಿ ನಿಂತಿದ್ದಳು. ಯಾರೂ ಅವಳಿಗೆ “ಇನ್ನು ಸಾಕು” ಎನ್ನಲಿಲ್ಲ. ಪಕ್ಕದ ಆಸನದ ಅಮ್ಮನೊಬ್ಬಳು ನನ್ನ ಸೀರೆಯನ್ನು ನೋಡಿ, ನಾನು ಯಾರ ಪರ ಎಂದು ಕೇಳಿದಳು. “ಎಲ್ಲರ ಪರ” ಎಂದೆ. ಅದು ನಿಜವೂ ಆಗಿತ್ತು.

ಟೆಲಿವಿಷನ್ನಿನಲ್ಲಿ ನೋಡಿದವರಿಗೆ ಒಂದು ಸಂಗತಿ ತಿಳಿದಿರುವುದಿಲ್ಲ. ಅಲ್ಲಿ ಒಬ್ಬಳಾದ ಮೇಲೆ ಒಬ್ಬಳನ್ನು ತೋರಿಸುತ್ತಾರೆ. ಇಲ್ಲಿ ಎಲ್ಲವೂ ಒಂದೇ ಕಾಲಕ್ಕೆ. ಒಂದು ಮೂಲೆಯಲ್ಲಿ ವಾಲ್ಟ್‌ಗೆ ಓಡುವವಳು, ಇನ್ನೊಂದು ಕಡೆ ಬಾರ್‌ಗಳಿಂದ ಬಾರ್‌ಗಳಿಗೆ ಹಾರುವವಳು, ಮಧ್ಯೆ ಬೀಮ್ ಮೇಲೆ ಉಸಿರು ಹಿಡಿದವಳು, ಈ ನಡುವೆ ನೆಲದ ಮೇಲೆ ಸಂಗೀತಕ್ಕೆ ಕುಣಿದು ಹಾರುವವಳು. ಮದುವೆಮನೆಯಲ್ಲಿ ಧಾರೆ, ಓಲಗ, ಊಟ, ಜಗಳ ಎಲ್ಲ ಒಟ್ಟಿಗೇ ನಡೆಯುವಂತೆ. ಯಾರದೋ ಸಂಗೀತಕ್ಕೆ ಜನ ಚಪ್ಪಾಳೆ ತಟ್ಟುವ ಹೊತ್ತಿಗೆ ಬೀಮ್ ಮೇಲಿನವಳು ತನ್ನ ಕಾಲ್ಬೆರಳನ್ನು ನೋಡಿಕೊಂಡು ಒಬ್ಬಳೇ ನಿಂತಿರುತ್ತಾಳೆ. ಬಿಳಿ ಪುಡಿ ಬಳಿದ ಅಂಗೈ ಬಾರ್‌ಗೆ ತಗಲುವ ಸದ್ದು, ಜಾರುವ ಮೈಯ ಭಾರಕ್ಕೆ ಕಂಬಿ ನರಳುವ ಸದ್ದು, ಇವೆಲ್ಲ ನನ್ನ ಕಿವಿಗೆ ಮೊದಲ ಸಲ ಬಿದ್ದವು.

ಅಂಕದ ಲೆಕ್ಕವೂ ನಾದಿಯಾಳ ಕಾಲದ್ದಲ್ಲ. ೨೦೦೬ರಿಂದ ಹತ್ತಕ್ಕೆ ಹತ್ತು ಎಂಬುದಿಲ್ಲ. ಮಾಡುವ ವಿದ್ಯೆ ಎಷ್ಟು ಕಷ್ಟದ್ದೋ ಅದಕ್ಕೊಂದು ಅಂಕ. ಎಷ್ಟು ಅಚ್ಚುಕಟ್ಟಾಗಿ ಮಾಡಿದಳೆಂಬುದಕ್ಕೆ ಹತ್ತರಿಂದ ಕಳೆಯುತ್ತ ಬರುವ ಅಂಕ ಮತ್ತೊಂದು. ಎರಡನ್ನೂ ಕೂಡಬೇಕು. ಬಿದ್ದರೆ ಪೂರ್ತಿ ಒಂದು ಅಂಕ ಖೋತಾ. ಇದನ್ನೆಲ್ಲ ಪುಟ್ಟಿ ಮೊದಲು ಒಲ್ಲದ ಮನಸ್ಸಿನಿಂದ, ಆಮೇಲೆ ತನ್ನನ್ನು ಮರೆತು ಹೇಳತೊಡಗಿದಳು. ಟೋಕಿಯೋದಲ್ಲಿ ಸಮಗ್ರ ಚಿನ್ನ ಗೆದ್ದಿದ್ದ ಸುನಿಸಾ ಲೀ, ಮೂತ್ರಪಿಂಡದ ಕಾಯಿಲೆಯಿಂದ ನರಳಿ ಎದ್ದು, ಎಲ್ಲದರಲ್ಲೂ ಅಲ್ಲದೆ ತನ್ನಿಂದಾದಷ್ಟರಲ್ಲಿ ಮಾತ್ರ ಸ್ಪರ್ಧಿಸಿದಳು. ಅವಳಿಗೆ ಜನ ತಟ್ಟಿದ ಚಪ್ಪಾಳೆ ಅಂಕಕ್ಕೆ ಕೊಟ್ಟದ್ದಾಗಿರಲಿಲ್ಲ.

ಆಮೇಲೆ ಸಿಮೋನ್ ಬೈಲ್ಸ್ ವಾಲ್ಟ್‌ನ ಓಟದ ಹಾದಿಯ ತುದಿಗೆ ಬಂದು ನಿಂತಳು. ಇಪ್ಪತ್ತಾರು ವರ್ಷ, ಐದಡಿಗೂ ಕಡಿಮೆ ಎತ್ತರ. ಇವಳ ವಿಷಯದಲ್ಲೂ ನನ್ನದೊಂದು ಪಾಪವಿದೆ. ೨೦೨೧ರ ಟೋಕಿಯೋ ಒಲಿಂಪಿಕ್ಸ್‌ನ ತಂಡಗಳ ಅಂತಿಮ ಸ್ಪರ್ಧೆಯಲ್ಲಿ ಒಂದೇ ವಾಲ್ಟ್ ಹಾರಿ ಅವಳು ಹಿಂದೆ ಸರಿದಳು. ಗಾಳಿಯಲ್ಲಿ ತಿರುಗುವಾಗ ಮೇಲೆ ಯಾವುದು, ಕೆಳಗೆ ಯಾವುದು ಎಂಬ ಅರಿವೇ ತಪ್ಪಿಹೋಗುತ್ತಿತ್ತು. ಆಟಗಾರ್ತಿಯರು ಅದನ್ನು ಟ್ವಿಸ್ಟೀಸ್ ಎನ್ನುತ್ತಾರೆ. ನಾನು ಕಾಫಿ ಕುಡಿಯುತ್ತ ಯಜಮಾನರಿಗೆ, “ದೇಶಕ್ಕೆ ದೇಶವೇ ನೋಡ್ತಿರುವಾಗ ಕೈ ಚೆಲ್ಲಿ ಕೂತಳಲ್ಲ!” ಎಂದಿದ್ದೆ. ಟೋಕಿಯೋದ ನಂತರ ಅವಳು ಮತ್ತೆ ಸ್ಪರ್ಧೆಗೆ ಬಂದದ್ದು ಎರಡು ವರ್ಷದ ಮೇಲೆ, ಅದೇ ಆಗಸ್ಟಿನ ಮೊದಲ ವಾರದಲ್ಲಿ.

ಈಗ ಅವಳು ಹಾರಲಿದ್ದುದು ಯುರ್ಚೆಂಕೋ ಡಬಲ್ ಪೈಕ್. ಓಡಿಬಂದು, ಚಿಮ್ಮುವ ಹಲಗೆಯ ಮೇಲೆ ಬೆನ್ನು ತಿರುಗಿಸಿ, ಹಿಮ್ಮುಖವಾಗಿ ಮೇಜಿಗೆ ಕೈಯೂರಿ ಎದ್ದು, ಮೊಣಕಾಲು ಮಡಿಸದೆ ಗಾಳಿಯಲ್ಲಿ ಹಿಂದಕ್ಕೆ ಎರಡು ಸುತ್ತು ಸುತ್ತಬೇಕು. ಅಷ್ಟರಲ್ಲಿ ಅವಳ ತರಬೇತುದಾರ ಲೋರಾಂ ಲಾಂಡಿ ಮೇಲೆ ಹತ್ತಿಬಂದು, ಅವಳು ಇಳಿಯುವ ಹಾಸಿನ ಪಕ್ಕದಲ್ಲಿ ನಿಂತರು.

“ಅಯ್ಯೋ, ಅವರೇಕೆ ಅಡ್ಡ ನಿಂತರು?” ಎಂದೆ.

“ಅಡ್ಡ ಅಲ್ಲ ಅಜ್ಜಿ. ಅವಳು ಗಾಳಿಯಲ್ಲಿ ದಾರಿ ತಪ್ಪಿದರೆ ಹಿಡಿಯೋಕೆ. ಅಲ್ಲಿ ನಿಂತರೆ ಅರ್ಧ ಪಾಯಿಂಟ್ ಕಟ್ ಮಾಡ್ತಾರೆ.”

“ಮುಟ್ಟದಿದ್ದರೂ?”

“ಮುಟ್ಟದಿದ್ದರೂ. ಸುಮ್ಮನೆ ನಿಂತರೂ.”

“ಗೊತ್ತಿದ್ದೂ ನಿಂತರೇ?”

“ಗೊತ್ತಿದ್ದೇ ನಿಂತಿದಾರೆ. ಅವಳಿಗೂ ಗೊತ್ತು.”

ಅವಳು ಓಡಿದಳು. ಎದ್ದಳು. ಮೇಜಿಗಿಂತ ಎಷ್ಟೋ ಎತ್ತರದಲ್ಲಿ ಎರಡು ಸುತ್ತು ಸುತ್ತಿ ಇಳಿದಳು. ಸಭೆಗೆ ಸಭೆಯೇ ಎದ್ದು ನಿಂತಿತು. ಲಾಂಡಿ ಅವಳನ್ನು ಮುಟ್ಟಲಿಲ್ಲ. ಮುಟ್ಟುವ ಅಗತ್ಯ ಬೀಳಲಿಲ್ಲ. ಅರ್ಧ ಅಂಕ ಮಾತ್ರ ಹೋಯಿತು.

ನಾನು ಏಳಲಿಲ್ಲ. ಸಂತೆಯ ಹಗ್ಗ ನೆನಪಾಗಿತ್ತು. ಆ ಹುಡುಗಿ ಮೇಲೆ ನಡೆಯುವಾಗ ಅವಳ ಅಪ್ಪ ಕೆಳಗೆ ಡೋಲು ಬಡಿಯುತ್ತ, ಹಗ್ಗದ ಉದ್ದಕ್ಕೂ ಅವಳ ಹೆಜ್ಜೆಯ ಅಡಿಯಲ್ಲೇ ಹೆಜ್ಜೆಯಿಡುತ್ತಿದ್ದ. ಮಾತು, ಹಾಸ್ಯ ಎಲ್ಲ ಜನರ ಕಡೆಗೆ. ಕಣ್ಣು ಮಾತ್ರ ಅವಳ ಪಾದದ ಮೇಲೆ. ಐವತ್ತೈದು ವರ್ಷ ನಾನು ಆ ಹುಡುಗಿಯನ್ನೇ ನೆನೆದಿದ್ದೆ. ಆ ಅಪ್ಪನನ್ನು ಒಮ್ಮೆಯೂ ನೆನೆದಿರಲಿಲ್ಲ. ನನ್ನ ಕೆಳಗೆ ಹಾಗೆ ಯಾರೂ ನಡೆಯಲಿಲ್ಲ. ನಿಲ್ಲಿಸಿದವರು ಮಾತ್ರ ಇದ್ದರು. ಅದನ್ನೇ ಹಿಡಿದುಕೊಂಡು, ಪುಟ್ಟಿ ತಾನಾಗಿ ನಿಂತದ್ದನ್ನೂ ಯಾರೋ ನನ್ನನ್ನೇ ಮತ್ತೆ ನಿಲ್ಲಿಸಿದಂತೆ ಎಣಿಸಿದ್ದೆ. ನಿಂತವಳು ಅವಳು, ನಾನಲ್ಲ. ಅವಳ ಹತ್ತಿರ ಹೋಗಿ ನಿಲ್ಲಬೇಕಾಗಿದ್ದವಳು ಹತ್ತು ಸಾವಿರ ಮೈಲಿ ಆಚೆಯಿಂದ ಅಂಕ ಕಳೆದೆ.

“ಪುಟ್ಟಿ, ಅವತ್ತು ನಾನು ಹಾಗೆ ಅನ್ನಬಾರದಾಗಿತ್ತು,” ಎಂದೆ.

ಅವಳು ಬೀಮ್ ಕಡೆಗೇ ನೋಡುತ್ತಿದ್ದಳು. ಬಹಳ ಹೊತ್ತಾದ ಮೇಲೆ ಹೇಳಿದಳು: “ಬೀಮಿಂದ ಬಿದ್ದರೆ ಮತ್ತೆ ಹತ್ತೋಕೆ ಹತ್ತು ಸೆಕೆಂಡ್ ಕೊಡ್ತಾರೆ ಅಜ್ಜಿ. ನನಗೆ ಅಷ್ಟು ಸಾಲಲಿಲ್ಲ.”

ಉತ್ತರ ಹೇಳಲು ನನಗೂ ಆಗಲಿಲ್ಲ. ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

ಮನೆಗೆ ಬಂದಾಗ ಹನ್ನೊಂದಾಗಿತ್ತು. ಬಂದವರೆಲ್ಲ ಹೋಗಿದ್ದರು. ಕಲಶದ ಮುಂದೆ ದೀಪ ಇನ್ನೂ ಉರಿಯುತ್ತಿತ್ತು. ಎಣ್ಣೆ ಹಾಕುತ್ತ ಮಗಳು ಕಾದು ಕುಳಿತಿದ್ದಳು.

“ಎಲ್ಲರೂ ಕೇಳಿದರೇನೇ?” ಎಂದೆ.

“ಕೇಳದೆ ಇರ್ತಾರಾ? ಹಬ್ಬದ ದಿನ ಅಮ್ಮ ಎಲ್ಲಿ ಅಂತ ಹನ್ನೆರಡು ಮನೆಯವರೂ ಕೇಳಿದರು. ಮೊಮ್ಮಗಳ ಜೊತೆ ಹೋಗಿದಾಳೆ ಅಂದೆ.” ಅಷ್ಟು ಹೇಳಿ ತಟ್ಟೆ ತೆಗೆದಿಟ್ಟು ಊಟಕ್ಕೆ ಎಬ್ಬಿಸಿದಳು. ನನಗಾಗಿ ಅವಳೂ ಆ ಸಂಜೆ ಅರ್ಧ ಅಂಕ ಕಳೆದುಕೊಂಡಿದ್ದಳು, ಬಾಯಿಬಿಟ್ಟು ಹೇಳಲಿಲ್ಲ.

ಆ ಭಾನುವಾರ ಬೈಲ್ಸ್ ಎಂಟನೆಯ ಬಾರಿ ರಾಷ್ಟ್ರೀಯ ಸಮಗ್ರ ಪ್ರಶಸ್ತಿ ಗೆದ್ದಳು. ಆಲ್ಫ್ರೆಡ್ ಜೋಕಿಮ್ ಎಂಬಾತ ೧೯೩೩ರಲ್ಲಿ ಏಳನೆಯದನ್ನು ಗೆದ್ದು ಇಟ್ಟಿದ್ದ ದಾಖಲೆ ಮುರಿಯಿತು. ಅಕ್ಟೋಬರಿನಲ್ಲಿ, ಆಂಟ್‌ವರ್ಪ್‌ನ ವಿಶ್ವ ಸ್ಪರ್ಧೆಯ ನಂತರ, ಆ ವಾಲ್ಟ್‌ಗೆ ಅವಳದೇ ಹೆಸರಾಯಿತು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವಳು ಅದನ್ನು ಮತ್ತೆ ಹಾರಿದಾಗ ಹಾಸಿನ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ. ಬೆಂಗಳೂರಿನಲ್ಲಿ ಕುಳಿತು ನಾನು ಮೊದಲು ನೋಡಿದ್ದು ಆ ಖಾಲಿ ಜಾಗವನ್ನೇ.

ಪುಟ್ಟಿ ಮತ್ತೆ ಜಿಮ್ನಾಸ್ಟಿಕ್ಸ್‌ಗೆ ಹೋಗಲಿಲ್ಲ. ಈಜಲು ಸೇರಿದಳು. ಸಂಜೆಯ ಚಿತ್ರಗಳು ಮತ್ತೆ ಬರುತ್ತವೆ. ನನಗೆ ಈಜು ತಿಳಿಯದು, ಅದರ ಅಂಕ ತಿಳಿಯದು. “ಚೆನ್ನಾಗಿದೆ ಕಣೇ, ನಿಧಾನ” ಎನ್ನುತ್ತೇನೆ. ಇಷ್ಟು ದೂರದಿಂದ ನಿಲ್ಲಬಹುದಾದ ಹತ್ತಿರ ಅಷ್ಟೇ.