ಮೂಕವೀಣೆಯ ಮನೆಗೆ ಪಿಯಾನೊ

ಹೊಳೆನರಸೀಪುರದಲ್ಲಿ ಹೇಮಾವತಿಗೆ ಸಮೀಪವಾದ ಒಂದು ಮನೆಯ ನಡುಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ವೀಣೆಯೊಂದು ಗವುಸು ಹೊದ್ದು ಮಲಗಿದ್ದಿತು. ಅದನ್ನು ನುಡಿಸುತ್ತಿದ್ದ ಗೃಹಿಣಿಯು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಕಡೆಯವರು. ಕಾವೇರೀತೀರದ ಆ ಊರು ಸಂಗೀತಗಾರರ ತವರೆಂಬುದು ಪ್ರಸಿದ್ಧವಷ್ಟೆ, ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಜನಿಸಿದುದು ಅಲ್ಲಿಯೇ. ಆಕೆಯು ತೀರಿಕೊಂಡ ಬಳಿಕ ಯಜಮಾನರು ಆ ಗವುಸನ್ನು ತೆಗೆದವರಲ್ಲ. ಹೀಗಿರಲು ಹಾಸನದಲ್ಲಿ ಓದುತ್ತಿದ್ದ ಮೊಮ್ಮಗಳು ರಜೆಗೆ ಬಂದವಳು, “ತಾತ, ನನಗೊಂದು ಪಿಯಾನೊ ಕೊಡಿಸು” ಎಂದು ಕೇಳಿದಳು.

ಯಜಮಾನರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಆ ವಾದ್ಯವು ಎಂತಹುದೆಂದು ತಿಳಿಯಹೊರಟರು. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಕ್ರಿಸ್ಟೊಫೊರಿ ಎಂಬವನು ನಿರ್ಮಿಸಿದ ಈ ವಾದ್ಯಕ್ಕೆ ಈಗ ಹಾರ್ಮೋನಿಯಮ್ಮಿಗಿರುವಂತಹ ಮನೆಗಳು 88, ತಂತಿಗಳು ಸುಮಾರು 230. ಮನೆಯನ್ನು ಒತ್ತಿದೊಡನೆ ಫೆಲ್ಟು ಹೊದಿಸಿದ ಸುತ್ತಿಗೆಯು ತಂತಿಯನ್ನು ಬಡಿದು ಹಿಂದೆಗೆಯುವುದು. ತೆಳುವಾದ ನಾದಫಲಕವು ಆ ಧ್ವನಿಯನ್ನು ಬೆಳೆಸುವುದು. ತಂತಿಗಳೆಲ್ಲದರ ಎಳೆತವು ಒಟ್ಟಿಗೆ ಹದಿನೆಂಟು ಟನ್ನಿನಷ್ಟಾಗುವುದರಿಂದ ಒಳಗೆ ಎರಕದ ಕಬ್ಬಿಣದ ಚೌಕಟ್ಟಿರುವುದು. ವೀಣೆಯಂತೆ ತಂತಿಯನ್ನೆಳೆದು ಗಮಕವನ್ನು ಹೊರಡಿಸುವುದು ಇದರಲ್ಲಿ ಆಗದು. ಆದರೆ ಹತ್ತು ಬೆರಳುಗಳಿಂದ ಹಲವು ಸ್ವರಗಳನ್ನು ಒಡನೊಡನೆ ನುಡಿಸುವ ಸೊಗಸು ವೀಣೆಗೆ ದೊರೆಯದು. ಎರಡನ್ನೂ ಪ್ರೀತಿಸಲಾಗದೆಂಬುದೂ ಸುಳ್ಳು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಜಯಚಾಮರಾಜೇಂದ್ರ ಒಡೆಯರು ಪಿಯಾನೊ ಬಲ್ಲವರು. 1940ರ ದಶಕದ ಕೊನೆಯಲ್ಲಿ ರಷ್ಯದ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಧನಸಹಾಯವಿತ್ತವರು.

ಬೆಂಗಳೂರಿನಲ್ಲಿ ಹಳೆಯದೊಂದು ಪಿಯಾನೊ ಮಾರಾಟಕ್ಕಿರುವುದೆಂದು ತಿಳಿದು ಯಜಮಾನರು ಮೊಮ್ಮಗಳೊಡನೆ ಹೋದರು. ಕನ್ನಡಿಯಂತೆ ಹೊಳೆಯುತ್ತಿದ್ದ ಅದನ್ನು ಕಂಡು ಹುಡುಗಿಯು ಹಿಗ್ಗಿದಳು. ಆದರೆ ಜೊತೆಗೆ ಕರೆದೊಯ್ದಿದ್ದ ಶ್ರುತಿಗಾರನು ಮುಚ್ಚಳವನ್ನು ತೆಗೆದು ದೀಪ ಹಿಡಿದು ತೋರಿಸಿದನು: ಬಿರಡೆಗಳು ಸಡಿಲ, ಅವುಗಳನ್ನು ಹಿಡಿದ ಮರದಲ್ಲಿ ಬಿರುಕು, ಫೆಲ್ಟಿಗೆ ನುಸಿ.

“ಇದು ಶ್ರುತಿಯಲ್ಲಿ ನಿಲ್ಲುವುದಿಲ್ಲ ಸ್ವಾಮಿ, ಮೆರುಗಿಗೆ ದುಡ್ಡು ಕೊಟ್ಟ ಹಾಗಾಗುತ್ತದೆ” ಎಂದನು.

“ಒಳ್ಳೆಯದೇ ಸಿಕ್ಕಿತೆನ್ನಿ, ಕಾಪಾಡುವುದು ಹೇಗೆ?”

“ಬಿಸಿಲು ತಾಗಬಾರದು, ಮಳೆಗೆ ನೆನೆಯುವ ಗೋಡೆಗೆ ಒರಗಿಸಬಾರದು. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಅದರಿಂದ ಶ್ರುತಿ ಕೆಡುತ್ತದೆ. ವರ್ಷಕ್ಕೆ ಎರಡು ಸಲ ಶ್ರುತಿ ಮಾಡಿಸಬೇಕು. ಬಿರಡೆಗೆ ನೀವು ಕೈಹಾಕಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ದಿನವೂ ನುಡಿಸಬೇಕು. ನುಡಿಸದೆ ಮುಚ್ಚಿಟ್ಟರೆ ಇಲಿಗೂ ನುಸಿಗೂ ಮನೆಯಾಗುತ್ತದೆ.”

ಕೊನೆಯ ಮಾತನ್ನು ಕೇಳಿ ಯಜಮಾನರು ಮುಖ ತಿರುಗಿಸಿದರು. ಹಿಂದಿರುಗುವಾಗ ಚನ್ನರಾಯಪಟ್ಟಣ ದಾಟುವವರೆಗೆ ಅವರು ತುಟಿ ಬಿಚ್ಚಲಿಲ್ಲ. ಬಳಿಕ, “ಮೊದಲು ನಿಮ್ಮಜ್ಜಿಯ ವೀಣೆ, ಮಗು” ಎಂದರು.

ಆ ರಾತ್ರಿ ಗವುಸನ್ನು ತೆಗೆದು ನೋಡಲಾಗಿ, ಮೆಟ್ಟಿಲುಗಳನ್ನು ಹಿಡಿದಿದ್ದ ಮೇಣವು ಒಣಗಿ ಬಿರಿದಿದ್ದಿತು. ಏಳು ತಂತಿಗಳಲ್ಲಿ ಮೂರು ತುಂಡಾಗಿದ್ದವು. ಬಲ್ಲವರನ್ನು ಕರೆಯಿಸಿ, ಜೇನುಮೇಣಕ್ಕೆ ಇದ್ದಿಲುಪುಡಿಯನ್ನು ಬೆರೆಸಿ, 24 ಮೆಟ್ಟಿಲುಗಳಿಗೂ ಹೊಸದಾಗಿ ಮೇಳ ಕಟ್ಟಿಸಿದರು. ಹುಡುಗಿಯು ಆರು ತಿಂಗಳು, ಮನೆಗೆ ಬಂದಾಗಲೆಲ್ಲ, ಅದನ್ನು ಒರೆಸಿ ಶ್ರುತಿ ಮಾಡುವುದನ್ನು ಕಲಿತಳು. ಆಕೆ ಇಲ್ಲದ ದಿನಗಳಲ್ಲಿ ಯಜಮಾನರೇ ಕುಳಿತು ತಂತಿಗಳನ್ನು ಮೀಟುತ್ತಿದ್ದರು.

ಏಳನೆಯ ತಿಂಗಳಲ್ಲಿ ಪಿಯಾನೊ ಬಂದಿತು. ಅದರ ಮೆರುಗು ಮಾಸಿತ್ತು, ಬಿರಡೆಗಳು ಭದ್ರವಾಗಿದ್ದವು. ಅದನ್ನು ಒಳಗೋಡೆಗೆ ನಿಲ್ಲಿಸಿದರು. ವೀಣೆಯು ಎದುರಿಗೆ, ಗವುಸಿಲ್ಲದೆ, ಇದ್ದಿತು.